ಅಟ್ಟದ ಟ್ರಂಕಿನಲ್ಲಿ ಸಿಕ್ಕ ಮಕ್ಕಳ ಪುಸ್ತಕಗಳಿಗೆ ವಯಸ್ಸೆಷ್ಟು?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಅಟ್ಟದಲ್ಲಿ ಒಂದು ಟ್ರಂಕಿನ ತುಂಬ ಮಕ್ಕಳ ಪುಸ್ತಕಗಳು ಸಿಕ್ಕಿವೆ. ಎಲ್ಲವೂ ತೆಳು ಹೊದಿಕೆಯವು, ಪಿನ್ನು ಹೊಡೆದವು. ಹಲವದರಲ್ಲಿ ಇಸವಿಯೇ ಇಲ್ಲ. ಯಾವ ಕಾಲದವೆಂದು ತಿಳಿಯುವುದು ಹೇಗೆ? ಕೆಲವಕ್ಕೆ ಬೂಷ್ಟು ಹಿಡಿದಿದೆ. ಮಳೆಗಾಲಕ್ಕೆ ಮುಂಚೆ ಪ್ಲಾಸ್ಟಿಕ್ ಕವರಿಗೆ ಹಾಕಿಡಬಹುದೆ?

ಉತ್ತರ: ಕವರಿಗೆ ಈಗಲೇ ಹಾಕಬೇಡಿ. ಆ ವಿಷಯ ಆಮೇಲೆ, ಮೊದಲು ಇಸವಿ ನೋಡೋಣ.

1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆ ಪ್ರಕಾರ ಪುಸ್ತಕದಲ್ಲಿ ಮುದ್ರಕರು, ಪ್ರಕಾಶಕರ ಹೆಸರು ಮತ್ತು ಊರು ಇರಲೇಬೇಕಿತ್ತು; ಇಸವಿಗೆ ಅಂಥ ಕಡ್ಡಾಯವಿರಲಿಲ್ಲ. ಹಾಗಾಗಿ ಬೆಲೆ ಮತ್ತು ವಿಳಾಸವನ್ನು ಓದಿ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಮುಂಚಿನದು, ಹೆಚ್ಚೆಂದರೆ ಅದರ ಆಸುಪಾಸಿನದು. ‘ನ.ಪೈ.’ (ನಯಾ ಪೈಸೆ) ಎಂದಿದ್ದರೆ 1957–64ರ ನಡುವೆ. ‘ನಯಾ’ ಬಿಟ್ಟು ಬರೀ ‘ಪೈಸೆ’ ಆದದ್ದು 1964ರ ಜೂನ್‌ನಿಂದ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಆದರೆ ‘ಬೆಂಗಳೂರು–4’ ಎಂದಷ್ಟೇ ಇದ್ದ ಮಾತ್ರಕ್ಕೆ ಅದಕ್ಕೂ ಹಳೆಯದು ಎನ್ನುವಂತಿಲ್ಲ. ಹಳೇ ರೂಢಿ ಬೇಗ ಬಿಡುವುದಿಲ್ಲ.

ಹಿಂಬದಿ ರಕ್ಷಾಪುಟದಲ್ಲಿ ಮಾಲೆಯ ಬೇರೆ ಪುಸ್ತಕಗಳ ಪಟ್ಟಿ ಇದೆಯೆ? ಅದರಲ್ಲಿ ಎಲ್ಲಕ್ಕಿಂತ ಈಚಿನ ಪುಸ್ತಕ ಯಾವುದೋ, ನಿಮ್ಮ ಪ್ರತಿ ಅದಕ್ಕಿಂತ ಮುಂಚಿನದಾಗಿರುವುದು ಅಪರೂಪ. ಮರುಮುದ್ರಣವನ್ನು ಮೊದಲ ಮುದ್ರಣವೆಂದು ನಂಬಿ ದುಡ್ಡು ಕಳೆದುಕೊಳ್ಳುವವರು ಈ ಪಟ್ಟಿಯನ್ನೇ ನೋಡಿರುವುದಿಲ್ಲ. ಬೆಲೆಯ ಮೇಲೆ ರಬ್ಬರ್ ಮೊಹರು ಒತ್ತಿದ್ದರೆ ಮಾರಾಟ ತಡವಾಯಿತೆಂದು ಅರ್ಥ, ಮುದ್ರಣ ಹಳೆಯದೇ.

ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಮಾಲೆ ನಿಮ್ಮ ಟ್ರಂಕಿನಲ್ಲಿ ಇದ್ದೇ ಇರುತ್ತದೆ. ಎಲ್.ಎಸ್. ಶೇಷಗಿರಿ ರಾವ್ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ ಶುರುವಾಗಿ ಐನೂರು ದಾಟಿದ ಮಾಲೆ ಅದು. ಬಿಡಿ ಪ್ರತಿಗೆ ಬೆಲೆ ಕಡಿಮೆ, ಪೂರ್ತಿ ಮಾಲೆ ಕೂಡಿಸುವುದೇ ಕಷ್ಟ. ನಿಜಕ್ಕೂ ಅಪರೂಪದ್ದು ಬೇಕೆಂದರೆ 1965ರ ಕನ್ನಡ ‘ಅಮರ ಚಿತ್ರ ಕಥೆ’ ಹುಡುಕಿ. ಸಿಂಡ್ರೆಲಾದಂಥ ವಿದೇಶಿ ಕಥೆಗಳ ಆ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ; ಇಂಗ್ಲಿಷ್ ಸರಣಿ 11ನೇ ಸಂಖ್ಯೆಯಿಂದ ಶುರುವಾದದ್ದು ಅದಕ್ಕೇ. ರಷ್ಯಾದ ಪುಸ್ತಕಗಳಲ್ಲಿ ‘ರಾದುಗಾ’ ಪ್ರಕಾಶನದ ಹೆಸರಿದ್ದರೆ 1982 ಅಥವಾ ಆಮೇಲಿನದು.

ಇನ್ನು ಬೂಷ್ಟು. ಗಾಳಿಯ ತೇವ ಶೇ 65 ದಾಟಿದರೆ ಅದು ಹಬ್ಬುತ್ತದೆ; ಮಲೆನಾಡಿನ ಜೂನ್–ಸೆಪ್ಟೆಂಬರ್‌ನಲ್ಲಿ ಅದಕ್ಕಿಂತ ಕಡಿಮೆ ಇರುವ ದಿನವೇ ಅಪರೂಪ. ತೇವ ಉಳಿದ ಪುಸ್ತಕವನ್ನು ಕವರಿಗೆ ಹಾಕಿ ಮುಚ್ಚಿದರೆ ಒಳಗೇ ಬೂಷ್ಟಿನ ತೋಟ. ಮೊದಲು ಪುಟ ಬಿಡಿಸಿ ನಿಲ್ಲಿಸಿ, ನೆರಳಲ್ಲಿ ಗಾಳಿಯಾಡಲು ಮೂರ್ನಾಲ್ಕು ದಿನ ಬಿಡಿ. ಬಿಸಿಲು ಬೇಡ, ಬಣ್ಣ ಹೋಗುತ್ತದೆ. ಅಡಿಕೆ ಒಣಗಿಸುವ ಡ್ರೈಯರ್ ಅಂತೂ ಬೇಡವೇ ಬೇಡ; ಕಾಗದ ಹಪ್ಪಳವಾಗುತ್ತದೆ. ಪೂರ್ತಿ ಒಣಗಿದ ಮೇಲೆ ಎನ್-95 ಮಾಸ್ಕ್ ಹಾಕಿ, ಅಂಗಳದಲ್ಲಿ ಮೆತ್ತನೆ ಬ್ರಷ್‌ನಿಂದ ಬೂಷ್ಟು ತೆಗೆಯಿರಿ. ಹಸಿ ಇರುವಾಗ ಉಜ್ಜಿದರೆ ಕಾಗದದೊಳಗೆ ಇಳಿದುಬಿಡುತ್ತದೆ. ನುಸಿಗುಳಿಗೆಯಿಂದ ಬೂಷ್ಟು ಸಾಯುವುದಿಲ್ಲ, ವಾಸನೆ ಮಾತ್ರ ಉಳಿಯುತ್ತದೆ.

ಹುಳು ಇದ್ದರೆ ಒಣಗಿದ ಪುಸ್ತಕವನ್ನು ಗಟ್ಟಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ಇಬ್ಬನಿ ಕೂರುತ್ತದೆ.

ತುಕ್ಕು ಹಿಡಿದ ಪಿನ್ನು ಕಾಗದವನ್ನು ತಿನ್ನುತ್ತದೆ. ಮಧ್ಯದ ಪುಟದಲ್ಲಿ ಅದರ ಕಾಲುಗಳನ್ನು ಬ್ಲೇಡಿನಿಂದ ಮೆಲ್ಲಗೆ ಎತ್ತಿ ನೇರ ಮಾಡಿ, ಬೆನ್ನಿನ ಕಡೆಯಿಂದ ಎಳೆಯಿರಿ. ಅದೇ ತೂತುಗಳಲ್ಲಿ ಹತ್ತಿ ನೂಲಿನಿಂದ ಹೊಲಿಯಿರಿ. ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟಿನ ಕಂದು ಕಲೆ ಹೋಗುವುದಿಲ್ಲ. ಆಮೇಲೆ ಪಿವಿಸಿ ಅಲ್ಲದ, ಪಾಲಿಪ್ರೊಪಿಲೀನ್ ಕವರಿಗೆ ಹಾಕಿ, ಬಾಯಿ ತೆರೆದೇ ಇರಲಿ. ಕಪಾಟು ಗೋಡೆಯಿಂದ ಎರಡಿಂಚು ದೂರವಿರಲಿ. ಸಿಲಿಕಾ ಜೆಲ್ ಮುಚ್ಚಿದ ಡಬ್ಬಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ತೆರೆದ ಕಪಾಟಿನಲ್ಲಿ ಇಟ್ಟರೆ ದಂಡ.

ಪುಸ್ತಕದೊಳಗೆ ಮಗುವಿನ ಹೆಸರೋ ಶಾಲೆಯ ಮುದ್ರೆಯೋ ಇದ್ದರೆ ಅಳಿಸಬೇಡಿ. ಮುದ್ರೆಯಲ್ಲಿ ತಾರೀಖಿದ್ದರೆ ಆ ಪ್ರತಿ ಅದಕ್ಕಿಂತ ಈಚಿನದಂತೂ ಅಲ್ಲ.