ಇಂಪ್ಲಾಂಟ್ ಹಲ್ಲಿನ ಬುಡದಲ್ಲಿ ರಕ್ತ ಬರ್ತಿದೆ, ನೋವಿಲ್ಲ. ಮನೆಯಲ್ಲಿ ಹೇಗೆ ಸ್ವಚ್ಛ ಮಾಡಬೇಕು?

ಅಪ್ಪನಿಗೆ ಕೆಳಗಿನ ದವಡೆಯಲ್ಲಿ ಎರಡು ಇಂಪ್ಲಾಂಟ್ (ಎಲುಬಿನೊಳಗೆ ಟೈಟೇನಿಯಂ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಕೃತಕ ಹಲ್ಲು) ಹಾಕಿಸಿ ವರ್ಷವಾಯಿತು, ಈಗ ಬ್ರಷ್ ಮಾಡುವಾಗ ಸ್ವಲ್ಪ ರಕ್ತ ಕಾಣುತ್ತದೆ ಅಂತ ಬರೆದಿದ್ದೀರಿ. "ನೋವಿಲ್ಲ, ಮಾಡಿಸಿದ ಹಲ್ಲಿಗೆ ಹುಳುಕೂ ಹಿಡಿಯಲ್ಲ, ಬಿಡು" ಅಂತಾರಂತೆ ಅವರು. ನಾನು ಕಲಬುರಗಿಯ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಕ್ಲೀನಿಂಗ್ ಮಾಡುವ ಕೆಲಸದಲ್ಲಿದ್ದೇನೆ. ಈ ಮಾತು ನಮಗೆ ಜಾಸ್ತಿ ಕೇಳಿಬರುತ್ತದೆ.

ದಯವಿಟ್ಟು ಬಿಡಬೇಡಿ. ಹುಳುಕು ಹಿಡಿಯಲ್ಲ ಅನ್ನೋದು ನಿಜ. ಆದರೆ ಅದರ ಸುತ್ತಲಿನ ವಸಡು, ಎಲುಬು ಅವರದೇ ಅಲ್ವಾ? ಹುಟ್ಟು ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಸಣ್ಣ ಸಣ್ಣ ನಾರು ಇರುತ್ತವೆ. ವಸಡಿನ ನಾರುಗಳೂ ಬೇರಿಗೆ ಅಡ್ಡವಾಗಿ ಹೊಕ್ಕು ಹಿಡಿದಿರುತ್ತವೆ. ಇಂಪ್ಲಾಂಟ್‌ಗೆ ಅವು ಇಲ್ಲ, ಟೈಟೇನಿಯಂ ನೇರವಾಗಿ ಎಲುಬಿಗೆ ಕೂಡಿಕೊಂಡಿರುತ್ತದೆ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮನುಷ್ಯರ ದವಡೆಗೆ ಹಾಕಲು ಶುರು ಮಾಡಿದ್ದು ಈ ಗುಣ ನೋಡಿಯೇ. ಗಟ್ಟಿ ನಿಲ್ಲುತ್ತದೆ. ಆದರೆ ವಸಡಿನ ಅಂಚಿನಲ್ಲಿ ಬ್ಯಾಕ್ಟೀರಿಯಾ ಕೂತರೆ ಕೆಳಗೆ ಎಲುಬಿನವರೆಗೆ ಇಳಿಯುವುದು ಸುಲಭ. ನೋವೂ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ರಕ್ತವೇ ಮೊದಲ ಸೂಚನೆ.

ವಸಡು ಮಾತ್ರ ಕೆಂಪಾಗಿ ಉಬ್ಬಿದ್ದರೆ ಅದನ್ನು ಮ್ಯೂಕೋಸೈಟಿಸ್ ಅಂತಾರೆ. ಚೆನ್ನಾಗಿ ಸ್ವಚ್ಛ ಮಾಡಿದರೆ ಇದು ಇಳಿಯುತ್ತದೆ. ಎಲುಬು ಕರಗಲು ಶುರುವಾದರೆ ಅದು ಪೆರಿ-ಇಂಪ್ಲಾಂಟೈಟಿಸ್. ಕರಗಿದ ಎಲುಬು ತಾನಾಗಿ ಮರಳಿ ಬರಲ್ಲ. ಎರಡರಲ್ಲಿ ಯಾವುದು ಅಂತ ಕನ್ನಡಿ ನೋಡಿ ಹೇಳಲಾಗದು. ಎಕ್ಸ್‌ರೇ ಬೇಕು, ಡಾಕ್ಟರ್ ಸುತ್ತಲೂ ಮೆಲ್ಲಗೆ ಅಳತೆಯ ಕಡ್ಡಿ ಇಳಿಸಿ ಆಳ ನೋಡಬೇಕು. ಈ ವಾರದಲ್ಲೇ ತೋರಿಸಿ.

ಇನ್ನು ಮನೆಯ ಕೆಲಸ. ಬ್ಯಾಕ್ಟೀರಿಯಾ ಅಂಟು ಪದರವಾಗಿ ಕೂರುತ್ತವೆ. ಬಾಯಿ ಮುಕ್ಕಳಿಸಿದರೆ ಆ ಪದರ ಬಿಡಲ್ಲ, ಏನಾದರೂ ತಾಗಿಯೇ ಕೀಳಬೇಕು. ಮೆತ್ತನೆ ಬ್ರಷ್ ತಗೊಂಡು, ಎಳೆಗಳು ವಸಡಿನ ಅಂಚಿಗೆ ಓರೆಯಾಗಿ ತಾಗುವಂತೆ ಹಿಡಿದು ಸಣ್ಣಗೆ ಅಲುಗಾಡಿಸಿ. ನಾಲಿಗೆ ಕಡೆಯ ಬದಿಯನ್ನು ಎಲ್ಲರೂ ಮರೆಯುತ್ತಾರೆ. ನಾವು ಕೊಳೆ ತೆಗೆಯುವುದು ಹೆಚ್ಚಾಗಿ ಅಲ್ಲಿಂದಲೇ.

ಹಲ್ಲುಗಳ ಸಂದಿಗೆ ಇಂಟರ್‌ಡೆಂಟಲ್ ಬ್ರಷ್ ಅಂತ, ತಂತಿಯ ಸುತ್ತ ಎಳೆಗಳಿರುವ ಪುಟ್ಟ ಬ್ರಷ್ ಬರುತ್ತದೆ. ನಡುವಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೇಳಿ. ಬರೀ ತಂತಿ ಟೈಟೇನಿಯಂ ಮೇಲೆ ಗೀರು ಹಾಕುತ್ತದೆ, ಗೀರಿನಲ್ಲಿ ಮತ್ತೆ ಕೊಳೆ ಕೂರುತ್ತದೆ. ಸೂಪರ್‌ಫ್ಲಾಸ್ ಅಂತ ಒಂದು ದಾರವೂ ಇದೆ. ಅದರ ಒಂದು ತುದಿ ಗಟ್ಟಿ, ನಡುವೆ ಸ್ಪಂಜಿನಂತೆ ಉಬ್ಬು. ಗಟ್ಟಿ ತುದಿಯನ್ನು ಸಂದಿಯಲ್ಲಿ ತೂರಿಸಿ, ಉಬ್ಬಿದ ಭಾಗವನ್ನು ಹಲ್ಲಿನ ಬುಡಕ್ಕೆ ಸುತ್ತಿ, ಮಜ್ಜಿಗೆ ಕಡೆಯುವ ಹಗ್ಗದಂತೆ ಅತ್ತಿತ್ತ ಎಳೆಯಬೇಕು. ಮೊನ್ನೆ ಒಬ್ಬ ಹಿರಿಯರಿಗೆ ಹೀಗೆ ಮಾಡಿ ತೋರಿಸಿದೆ. ಬೆಳ್ಳಗಿದ್ದ ಸ್ಪಂಜು ಹಳದಿಯಾಗಿ, ತೊಗರಿ ಸಿಪ್ಪೆಯ ಚೂರು, ಶೇಂಗಾ ಹಿಂಡಿಯ ಕಣ ಹೊತ್ತು ಹೊರಬಂತು. ಅವರು ಆಗತಾನೇ ಬ್ರಷ್ ಮಾಡಿಕೊಂಡೇ ಬಂದಿದ್ದರು. ಒಂದು ಎಚ್ಚರಿಕೆ: ದಾರ ಎಳೆ ಬಿಡುತ್ತಿದ್ದರೆ ನಿಲ್ಲಿಸಿ. ಎಳೆ ಒಳಗೇ ಉಳಿದರೆ ಅದರಿಂದಲೇ ವಸಡು ಕೆಡಬಹುದು.

ಕೈ ನಡುಗುವವರಿಗೆ ನೀರು ಚಿಮ್ಮಿಸುವ ಮಷಿನ್ ಅನುಕೂಲ, ವೇಗ ಕಡಿಮೆ ಇಟ್ಟು ಬಳಸಬೇಕು. ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ. ಜಾಸ್ತಿ ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ರುಚಿಯೂ ಕೆಡುತ್ತದೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಬೇಡವೇ ಬೇಡ.

ಅಪ್ಪ ಬೀಡಿ, ಗುಟ್ಕಾ, ತಂಬಾಕು ಹಾಕ್ತಾರಾ? ಸಕ್ಕರೆ ಕಾಯಿಲೆ ಇದೆಯಾ? ನೀವು ಬರೆದಿಲ್ಲ. ಇದ್ದರೆ ಅಪಾಯ ಹೆಚ್ಚು, ಡಾಕ್ಟರಿಗೆ ಮುಚ್ಚಿಡದೆ ಹೇಳಿ. ನಮ್ಮ ಕಡೆಯ ಬೇಸಿಗೆಯಲ್ಲಿ ಬಾಯಿ ಒಣಗುವುದೂ ತೊಂದರೆಯೇ, ಎಂಜಲು ಕಡಿಮೆಯಾದರೆ ಕೊಳೆ ಬೇಗ ಕೂರುತ್ತದೆ. ನೀರು ಆಗಾಗ ಕುಡಿಸಿ.

ಕ್ಲಿನಿಕ್‌ನಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿ. ಹೋದ ತಕ್ಷಣ "ಇದು ಇಂಪ್ಲಾಂಟ್" ಅಂತ ಹೇಳಿ. ಮಾಮೂಲಿ ಸ್ಟೀಲ್ ಉಪಕರಣ ಬೇಡ, ಪ್ಲಾಸ್ಟಿಕ್ ಅಥವಾ ಟೈಟೇನಿಯಂ ತುದಿಯದು ಬೇಕು. ಕೆಲವು ಕಡೆ ಗ್ಲೈಸಿನ್ ಎಂಬ ನುಣ್ಣನೆ ಪುಡಿಯನ್ನು ಗಾಳಿಯಲ್ಲಿ ಚಿಮ್ಮಿಸಿ ತೆಗೆಯುತ್ತಾರೆ, ಅದೂ ಒಳ್ಳೆಯದೇ. ಹಾಕಿದ ಡಾಕ್ಟರ್ ದೂರವಿದ್ದರೆ ಕಲಬುರಗಿಯ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜಿಗೋ ಅಲ್-ಬದರ್ ದಂತ ಕಾಲೇಜಿಗೋ ಹೋಗಿ, ವಸಡಿನ ವಿಭಾಗ ಕೇಳಿ. ಇಂಪ್ಲಾಂಟ್ ಹಾಕಿದಾಗ ಕಂಪನಿ ಹೆಸರು, ಅಳತೆ ಇರುವ ಕಾರ್ಡ್ ಕೊಟ್ಟಿರಬೇಕು. ಅದನ್ನು ಜೊತೆಗೆ ಒಯ್ಯಿರಿ. ಇಂಪ್ಲಾಂಟ್ ಸ್ಕ್ರೂ ಮೇಲೆ ಕೂರಿಸಿದ ಹಲ್ಲನ್ನು ಬಿಚ್ಚಿ ಒಳಗೆ ಸ್ವಚ್ಛ ಮಾಡಬೇಕಾಗಿ ಬಂದರೆ, ಯಾವ ಸ್ಕ್ರೂಗೆ ಯಾವ ಉಪಕರಣ ಅಂತ ಅವರಿಗೆ ಗೊತ್ತಾಗುವುದು ಅದರಿಂದಲೇ.