ಬೋನಿನ ಲೆಕ್ಕ ಬೇರೆ, ಕಡಲಿನ ಲೆಕ್ಕ ಬೇರೆ

ನಿಮ್ಮ ಪತ್ರದ ತಿರುಳು ಇಷ್ಟು: ಅಮೆರಿಕದ ಮೇನ್ ರಾಜ್ಯದಲ್ಲಿ ಈಗಲೂ 1980ರ ದಶಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಲಾಬ್‌ಸ್ಟರ್ (ದೊಡ್ಡ ಸೀಗಡಿಯಂಥ, ಗಟ್ಟಿ ಚಿಪ್ಪಿನ ಕಡಲಜೀವಿ) ಹಿಡಿಯುತ್ತಾರೆ, ಹಾಗಿರುವಾಗ "ಕುಸಿತ" ಅಂತ ಬರೆದು ಸುಮ್ನೆ ಹೆದರಿಸ್ತೀರಿ ಯಾಕೆ?

ನಿಮ್ಮ ಲೆಕ್ಕ ಸರಿಯಾಗಿದೆ. ಆಗ ವರ್ಷಕ್ಕೆ ಸುಮಾರು 9,000 ಟನ್ ಸಿಗುತ್ತಿತ್ತು. 2016ರಲ್ಲಿ ಅದು 60,000 ಟನ್ ಮುಟ್ಟಿತು. 2024ರಲ್ಲಿ ಸುಮಾರು 39,000ಕ್ಕೆ ಇಳಿಯಿತು. ಡೀಸೆಲ್, ಬೋನಿಗೆ ಹಾಕುವ ಮೀನು ಎಲ್ಲವೂ ದುಬಾರಿಯಾಗಿ ದೋಣಿಗಳು ಕಡಲಿಗೆ ಹೋಗುವುದೇ ಕಮ್ಮಿಯಾಗಿದೆ ಅಂತ ನೀವು ಹೇಳಿದ್ದರಲ್ಲೂ ನಿಜವಿದೆ.

ಆದರೆ ಒಂದು ವಿಷಯ ಬಿಟ್ಟಿದ್ದೀರಿ. ಆ ತಣ್ಣನೆ ನೀರಲ್ಲಿ ಲಾಬ್‌ಸ್ಟರ್ ಹಿಡಿಯುವ ಅಳತೆಗೆ ಬರಲು ಏಳೆಂಟು ವರ್ಷ ಬೇಕು. ಅಂದರೆ ಇವತ್ತು ಬೋನಿಗೆ ಬಿದ್ದದ್ದು ಏಳೆಂಟು ವರ್ಷ ಹಿಂದಿನ ಕಡಲಿನ ಸುದ್ದಿ. 2010ರ ದಶಕದಲ್ಲಿ ತಳಕ್ಕೆ ಬಂದು ನೆಲೆಯೂರುವ ಮರಿಗಳು ಕಮ್ಮಿಯಾದವು, ಆಗ ದಕ್ಕೆಯಲ್ಲಿ ಮಾತ್ರ ಸುಗ್ಗಿಯೋ ಸುಗ್ಗಿ! 2025ರ ಅಂದಾಜಿನ ಪ್ರಕಾರ ಮೇನ್ ಕೊಲ್ಲಿ ಮತ್ತು ಅದರಾಚೆಗಿನ ಜಾರ್ಜಸ್ ಬ್ಯಾಂಕ್ ಎಂಬ ಆಳ ಕಮ್ಮಿಯಿರುವ ಕಡಲ ಭಾಗ ಸೇರಿ ಲಾಬ್‌ಸ್ಟರ್ ಸಂಖ್ಯೆ 2018ರ ಗರಿಷ್ಠದಿಂದ ಶೇ. 34ರಷ್ಟು ಇಳಿದಿದೆ. ಖಾಲಿಯಾಗಿದೆ ಅಂತ ಆ ವರದಿ ಹೇಳಿಲ್ಲ, ಮಿತಿ ಮೀರಿ ಹಿಡಿಯುತ್ತಿದ್ದಾರೆ ಅಂತ ಹೇಳಿದೆ.

ಇನ್ನು ಕಾರಣ. ಮೇನ್‌ನಲ್ಲಿ ಅಷ್ಟು ಹೆಚ್ಚಿದ್ದು ಯಾಕೆ ಅಂದರೆ, ಲಾಬ್‌ಸ್ಟರ್ ಮರಿಗಳನ್ನು ತಿನ್ನುವ ಕಾಡ್ ಎಂಬ ಮೀನನ್ನು ಜನ ಹಿಡಿದು ಹಿಡಿದು ಮುಗಿಸಿದ್ದರು, ಜೊತೆಗೆ ತೀರಾ ತಣ್ಣಗಿದ್ದ ನೀರು ಸ್ವಲ್ಪ ಬೆಚ್ಚಗಾಯಿತು. ಅದೇ ಬಿಸಿ ದಕ್ಷಿಣಕ್ಕೆ ಶಾಪವಾಯಿತು. ನೀರು 20 ಡಿಗ್ರಿ ದಾಟಿದರೆ ಈ ಜೀವಕ್ಕೆ ತಡೆಯುವುದಿಲ್ಲ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲ ಕವಲಿನಲ್ಲಿ 1999ರಲ್ಲಿ ರಾಶಿ ರಾಶಿ ಸತ್ತವು, ಚಿಪ್ಪು ಕೊಳೆಯುವ ರೋಗವೂ ಹರಡಿತು, ಮೇನ್‌ನ ದಕ್ಷಿಣಕ್ಕಿರುವ ಆ ಕರಾವಳಿ, ಅಂದರೆ ದಕ್ಷಿಣ ನ್ಯೂ ಇಂಗ್ಲೆಂಡ್, ಇವತ್ತಿಗೂ ಚೇತರಿಸಿಕೊಂಡಿಲ್ಲ.

ಬೇಗ ಕಣ್ಣು ಬಿಟ್ಟವರೂ ಇದ್ದಾರೆ. ಪಶ್ಚಿಮ ಆಸ್ಟ್ರೇಲಿಯಾದವರು (ಅಲ್ಲಿನ ಲಾಬ್‌ಸ್ಟರ್ ಬೇರೆ ಜಾತಿಯದು) ಆಳವಿಲ್ಲದ ನೀರಲ್ಲಿ ಕೃತಕ ಕಡಲಪಾಚಿ ಕಟ್ಟಿರುತ್ತಾರೆ. ತಿಂಗಳಿಗೊಮ್ಮೆ ಅದನ್ನು ಎತ್ತಿ ಕೊಡವಿ, ಉದುರುವ ಗಾಜಿನಂಥ ಪುಟ್ಟ ಮರಿಗಳನ್ನು ಎಣಿಸುತ್ತಾರೆ. ಮೂರ್ನಾಲ್ಕು ವರ್ಷ ಬಿಟ್ಟು ಎಷ್ಟು ಸಿಗಬಹುದು ಅಂತ ಅದರಿಂದಲೇ ಹೇಳುತ್ತಾರೆ. 2008ರ ಸುಮಾರಿಗೆ ಮರಿಗಳು ತೀರಾ ಕಮ್ಮಿಯಾದವು. ದೊಡ್ಡವು ಇನ್ನೂ ಧಾರಾಳವಾಗಿ ಸಿಗುತ್ತಿರುವಾಗಲೇ ಹಿಡಿಯುವುದನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿದರು, ಸುಮಾರು 5,500 ಟನ್‌ಗೆ. ಮೊಟ್ಟೆಯಿಡುವ ದೊಡ್ಡ ಲಾಬ್‌ಸ್ಟರ್‌ಗಳು ಉಳಿದುಕೊಂಡು ಹೆಚ್ಚಿದವು.

ಮೇನ್ ಮೀನುಗಾರರನ್ನು ದುರಾಸೆಯವರು ಅಂತ ನಾನು ಹೇಳಲಾರೆ. ಮೊಟ್ಟೆ ಹೊತ್ತ ಹೆಣ್ಣು ಬೋನಿಗೆ ಬಿದ್ದರೆ ಬಾಲದ ರೆಕ್ಕೆಯಲ್ಲಿ ಸಣ್ಣದಾಗಿ ಕಚ್ಚು ಹಾಕಿ ನೀರಿಗೆ ಬಿಡುತ್ತಾರೆ. ಮುಂದೆ ಮೊಟ್ಟೆ ಇಲ್ಲದಿದ್ದರೂ ಆ ಗುರುತು ಇರುವವರೆಗೆ ಯಾರೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ತುದಿವರೆಗೆ ಮೂರೂಕಾಲು ಇಂಚು ಇಲ್ಲದ ಚಿಕ್ಕದೂ, ಐದು ಇಂಚು ಮೀರಿದ ದೊಡ್ಡದೂ ವಾಪಸ್. ಆದರೆ ಮರಿ ಕಮ್ಮಿಯಾದಾಗ ಆ ಮೂರೂಕಾಲು ಇಂಚಿಗೆ ಇಂಚಿನ ಹದಿನಾರನೇ ಒಂದು ಭಾಗ ಸೇರಿಸೋಣ ಅಂದರೆ ದೊಡ್ಡ ಗಲಾಟೆಯಾಯಿತು. ಪಕ್ಕದ ಕೆನಡಾದವರಿಗೆ ಇಲ್ಲದ ನಿಯಮ ನಮಗೆ ಯಾಕೆ ಅಂತ ಅವರ ಸಿಟ್ಟು, ಅದೂ ನ್ಯಾಯವೇ ಅಲ್ವಾ? ಎರಡು ಸಲ ಮುಂದೂಡಿ, 2025ರಲ್ಲಿ ಆ ನಿಯಮವನ್ನೇ ಕೈಬಿಟ್ಟರು. ನನ್ನ ಪ್ರಕಾರ ಬಿಡಬಾರದಿತ್ತು.