ತೆಳ್ಳಗಿದ್ದೀನಿ, ಆದರೂ ಪಿಸಿಓಎಸ್ ಅಂತೆ. ಏನು ಮಾಡಲಿ?

ಪ್ರಶ್ನೆ: ನನಗೆ 26 ವರ್ಷ. ವಿಜಯಪುರದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಎತ್ತರ 5 ಅಡಿ 3 ಇಂಚು, ತೂಕ 48 ಕೆ.ಜಿ. ಮೊದಲಿನಿಂದಲೂ ಎರಡು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದೆ. ಈ ಸಲ ನಾಲ್ಕು ತಿಂಗಳಾದರೂ ಆಗಿಲ್ಲ. ಗದ್ದದ ಮೇಲೆ ದಪ್ಪ ಕೂದಲು ಬರುತ್ತವೆ. ದಿನಾ ಬೆಳಿಗ್ಗೆ ಶಾಲೆ ಬಸ್ ಬರುವ ಮುಂಚೆ ಕನ್ನಡಿ ಮುಂದೆ ನಿಂತು ಚಿಮಟಿಗೆಯಿಂದ ಕೀಳುತ್ತೇನೆ. ಆರು ತಿಂಗಳ ಹಿಂದೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಅಂದರು. ‘ತೂಕ ಇಳಿಸಿ, ಮದುವೆಯಾದ ಮೇಲೆ ಸರಿಹೋಗುತ್ತೆ’ ಎಂದು ಕಳಿಸಿದರು. ಅಂದಿನಿಂದ ರಾತ್ರಿ ಊಟ ಬಿಟ್ಟಿದ್ದೇನೆ, 4 ಕೆ.ಜಿ. ಇಳಿದಿದ್ದೇನೆ. ಮದುವೆ, ಮಕ್ಕಳ ಯೋಚನೆ ಸದ್ಯಕ್ಕಿಲ್ಲ. ಹಾಗಿದ್ದರೂ ಚಿಕಿತ್ಸೆ ಬೇಕಾ? ಹಾರ್ಮೋನ್ ಗುಳಿಗೆ ತಗೊಂಡರೆ ಮುಂದೆ ಮಕ್ಕಳಾಗಲ್ಲ ಅಂತ ಅಮ್ಮ ಹೆದರುತ್ತಾರೆ.

ಉತ್ತರ: ಮೊದಲ ಮಾತು, ಇವತ್ತಿನಿಂದಲೇ ರಾತ್ರಿ ಊಟ ಶುರು ಮಾಡಿ. ನಿಮ್ಮ ಎತ್ತರಕ್ಕೆ 48 ಕೆ.ಜಿ. ಅಂದರೆ ಬಿಎಂಐ (ಎತ್ತರಕ್ಕೆ ತೂಕ ಸರಿಯಿದೆಯೇ ಎಂದು ನೋಡುವ ಅಂಕಿ) 18.7ರ ಆಸುಪಾಸು. 18.5ಕ್ಕಿಂತ ಕೆಳಗಿಳಿದರೆ ತೂಕ ಸಾಲದು ಎಂದೇ ಲೆಕ್ಕ. ನೀವು ಆ ಗೆರೆಯ ಅಂಚಿನಲ್ಲಿದ್ದೀರಿ. ಪಿಸಿಓಎಸ್ ಇದ್ದು ದಪ್ಪಗಿರುವವರಿಗೆ ಸ್ವಲ್ಪ ತೂಕ ಇಳಿದರೂ ಮುಟ್ಟು ಸುಧಾರಿಸುತ್ತದೆ, ನಿಜ. ಆ ಸಲಹೆ ಅವರಿಗೆ ಸರಿ. ಅದನ್ನೇ ಎತ್ತಿ ನಿಮಗೆ ಕೊಟ್ಟದ್ದು ತಪ್ಪು. ನಿಮ್ಮ ಹತ್ತಿರ ಇಳಿಸಲು ತೂಕವೇ ಇಲ್ಲ.

ನಿಮ್ಮ ಪತ್ರದ ಒಂದು ಸಾಲನ್ನು ನಾನು ಎರಡು ಸಲ ಓದಿದೆ. ಮೊದಲು ಎರಡು ತಿಂಗಳಿಗೊಮ್ಮೆಯಾದರೂ ಆಗುತ್ತಿತ್ತು, ಊಟ ಬಿಟ್ಟ ಮೇಲೆ ನಾಲ್ಕು ತಿಂಗಳಿಂದ ನಿಂತಿದೆ. ಹೊಟ್ಟೆಗೆ ಸಾಲದೇ ಹೋದಾಗ ಮೆದುಳು ಅಂಡಾಶಯಕ್ಕೆ ಕಳಿಸುವ ಹಾರ್ಮೋನ್ ಸಂದೇಶವನ್ನೇ ಕಡಿಮೆ ಮಾಡುತ್ತದೆ. ಆಗಲೂ ಮುಟ್ಟು ನಿಲ್ಲುತ್ತದೆ. ಅಂಥವರ ಸ್ಕ್ಯಾನಿಂಗ್‌ನಲ್ಲೂ ಎಷ್ಟೋ ಸಲ ಪಿಸಿಓಎಸ್ ತರಹದ್ದೇ ಚಿತ್ರ ಕಾಣುತ್ತದೆ. ರಿಪೋರ್ಟ್‌ನಲ್ಲಿ ಬರೆಯುವ ಆ ‘ನೀರುಗುಳ್ಳೆ’ಗಳನ್ನು ಗಡ್ಡೆ ಅಂದುಕೊಂಡು ಹೆದರಬೇಡಿ. ಒಳಗೆ ಅಂಡಾಣು ಇದ್ದು, ಪೂರ್ತಿ ಬೆಳೆಯದೆ ಅರ್ಧಕ್ಕೇ ನಿಂತ ಸಣ್ಣ ಚೀಲಗಳು ಅವು. ತೆಳ್ಳಗಿರುವ ಹುಡುಗಿಯರಲ್ಲಿ ಈ ಎರಡು ತೊಂದರೆಗಳನ್ನು ಬೇರೆ ಮಾಡಿ ನೋಡುವುದೇ ದೊಡ್ಡ ಕೆಲಸ. ಊಟ ಸಾಲದೆ ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕಡಿಮೆಯಾಗಿ ಮೂಳೆ ಸವೆಯುತ್ತದೆ. ಅವರಿಗೆ ಊಟವೇ ಔಷಧ.

ಹಾಗಾದರೆ ನಿಮಗಿರುವುದು ಪಿಸಿಓಎಸ್ ಹೌದೋ ಅಲ್ಲವೋ? ಇರುವ ಸಾಧ್ಯತೆ ಜಾಸ್ತಿ. 2003ರಲ್ಲಿ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಮೂರು ಲಕ್ಷಣ ಗುರುತಿಸಿದರು: ಮುಟ್ಟು ಏರುಪೇರಾಗುವುದು, ಗಂಡು ಹಾರ್ಮೋನ್ ಜಾಸ್ತಿ ಇರುವುದು, ಸ್ಕ್ಯಾನಿಂಗ್‌ನಲ್ಲಿ ಅಂಥ ಅಂಡಾಶಯ ಕಾಣುವುದು. ಮೂರರಲ್ಲಿ ಎರಡಿದ್ದು, ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿಯಾದರೆ ಪಿಸಿಓಎಸ್. ಇವತ್ತಿಗೂ ಅದೇ ಆಧಾರ. ಆ ಮೂರರಲ್ಲಿ ತೂಕದ ಮಾತು ಎಲ್ಲೂ ಇಲ್ಲ, ನೋಡಿ. ಗದ್ದದ ದಪ್ಪ ಕೂದಲು ಗಂಡು ಹಾರ್ಮೋನಿನ ಕಡೆಗೇ ಬೆರಳು ತೋರಿಸುತ್ತದೆ. ಬರೀ ಊಟ ಬಿಟ್ಟದ್ದರಿಂದ ಅದು ಬರುವುದಿಲ್ಲ. ಮೊದಲೇ ಪಿಸಿಓಎಸ್ ಇತ್ತು, ಅದರ ಮೇಲೆ ಉಪವಾಸ ಕೂಡಿಕೊಂಡಿತು ಎಂಬುದು ನನ್ನ ಅಂದಾಜು. ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳೋಣ.

ಸ್ಕ್ಯಾನಿಂಗ್ ಒಂದನ್ನೇ ನಂಬಬೇಡಿ. ರಕ್ತದಲ್ಲಿ ಥೈರಾಯ್ಡ್, ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್, ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್, ಮೆದುಳು ಅಂಡಾಶಯಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್, ಜೊತೆಗೆ ಈಸ್ಟ್ರೋಜನ್ ನೋಡಿಸಬೇಕು. 17-ಓಎಚ್‌ಪಿ ಎಂಬ ಪರೀಕ್ಷೆಗೆ ಬೆಳಿಗ್ಗೆ ಬೇಗ ರಕ್ತ ಕೊಡಬೇಕು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ದೋಷ ಥೇಟ್ ಪಿಸಿಓಎಸ್ ಹಾಗೇ ಕಾಣುತ್ತದೆ, ಅದು ಇದರಲ್ಲಿ ಸಿಗುತ್ತದೆ. ಇವೆಲ್ಲ ಆಗುವವರೆಗೆ ಹಾರ್ಮೋನ್ ಗುಳಿಗೆ ಶುರು ಮಾಡಬೇಡಿ. ಗುಳಿಗೆ ಹೊಟ್ಟೆಗೆ ಹೋದ ಮೇಲೆ ಈ ಅಂಕಿಗಳು ನಿಜ ಹೇಳುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮಕ್ಕಳು ಬೇಡ ಅಂದರೆ ಚಿಕಿತ್ಸೆ ಯಾಕೆ? ನಿಮ್ಮ ಗರ್ಭಚೀಲ ಚೆನ್ನಾಗಿರಬೇಕಲ್ವಾ, ಅದಕ್ಕೆ. ಈಸ್ಟ್ರೋಜನ್ ಗರ್ಭಚೀಲದ ಒಳಪದರವನ್ನು ಬೆಳೆಸುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟಿರಾನ್ ಅದನ್ನು ಹದಕ್ಕೆ ತರುತ್ತದೆ, ಆಮೇಲೆ ಅದು ಮುಟ್ಟಾಗಿ ಕಳಚಿ ಹೋಗುತ್ತದೆ. ಅಂಡಾಣು ಬಿಡುಗಡೆಯೇ ಆಗದಿದ್ದರೆ, ಹಳೆ ಸುಣ್ಣ ಕೆರೆಯದೆ ಅದರ ಮೇಲೇ ಸುಣ್ಣ ಬಳಿದ ಗೋಡೆಯ ಹಾಗೆ ಪದರ ದಪ್ಪವಾಗುತ್ತ ಹೋಗುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ. ನಿಮ್ಮ ವಯಸ್ಸಿನಲ್ಲಿ ಅದು ತೀರಾ ಅಪರೂಪ, ಭಯ ಬೇಡ. ಆದರೆ 90 ದಿನ ದಾಟಿದರೂ ಮುಟ್ಟಾಗಲಿಲ್ಲ ಅಂದರೆ ಸುಮ್ನೆ ಕಾಯಬೇಡಿ. ವರ್ಷಕ್ಕೆ ಕನಿಷ್ಠ ನಾಲ್ಕು ಸಲವಾದರೂ ಪದರ ಕಳಚಬೇಕು.

ಇದಕ್ಕೆ ಎರಡು ದಾರಿ. ಒಂದು, ಎರಡು ಮೂರು ತಿಂಗಳಿಗೊಮ್ಮೆ 10ರಿಂದ 14 ದಿನ ಬರೀ ಪ್ರೊಜೆಸ್ಟಿರಾನ್ ಜಾತಿಯ ಗುಳಿಗೆ. ನಿಲ್ಲಿಸಿದ ಒಂದು ವಾರದೊಳಗೆ ಸಾಮಾನ್ಯವಾಗಿ ಮುಟ್ಟಾಗುತ್ತದೆ. ಸದ್ಯಕ್ಕೆ ನಾನು ಆರಿಸುವುದು ಇದನ್ನೇ. ಯಾಕೆಂದರೆ ಇದು ಪರೀಕ್ಷೆಯೂ ಹೌದು. ಗುಳಿಗೆ ಮುಗಿದರೂ ಮುಟ್ಟಾಗಲಿಲ್ಲ ಅಂದರೆ ಈಸ್ಟ್ರೋಜನ್ ತೀರಾ ಕಡಿಮೆ ಇರಬಹುದು, ಅಂದರೆ ಊಟದ ಕೊರತೆಯೇ ಕಾರಣ ಎನ್ನುವ ಅನುಮಾನ ಗಟ್ಟಿಯಾಗುತ್ತದೆ. ಎರಡನೆಯದು, ದಿನಾ ತಗೊಳ್ಳುವ ಎರಡು ಹಾರ್ಮೋನಿನ ಗರ್ಭನಿರೋಧಕ ಗುಳಿಗೆ. ಮುಟ್ಟಿನ ಜೊತೆ ಮೊಡವೆ, ಕೂದಲೂ ಹತೋಟಿಗೆ ಬರಬೇಕು ಅಂದರೆ ಇದು ಒಳ್ಳೆಯದು. ಕಡಿಮೆ ಈಸ್ಟ್ರೋಜನ್ ಇರುವುದು ಸಾಕು. ಗಂಡು ಹಾರ್ಮೋನನ್ನು ತಡೆಯುವ ಸೈಪ್ರೊಟೆರೋನ್ ಇರುವ ಗುಳಿಗೆಯನ್ನು ಮೊದಲಿಗೇ ಬರೆಯುವ ರೂಢಿ ನಮ್ಮಲ್ಲಿದೆ. ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಜಾಸ್ತಿ, ಹಾಗಾಗಿ ಅದು ಮೊದಲ ಆಯ್ಕೆ ಆಗಬಾರದು.

ನಿಮ್ಮ ಅಮ್ಮನಿಗೆ ನನ್ನ ಹೆಸರಲ್ಲಿ ಹೇಳಿ: ಈ ಗುಳಿಗೆಗಳಿಂದ ಬಂಜೆತನ ಬರುವುದಿಲ್ಲ. ಬಿಟ್ಟ ಮೇಲೆ ನಿಮ್ಮ ಮುಟ್ಟು ಮೊದಲು ಹೇಗಿತ್ತೋ ಹಾಗೆ ಮರಳುತ್ತದೆ. ಗುಳಿಗೆ ಪಿಸಿಓಎಸ್ ಅನ್ನು ಬೇರುಸಮೇತ ಕೀಳುವುದಿಲ್ಲ, ತಗೊಳ್ಳುವಷ್ಟು ದಿನ ಕಾಯುತ್ತದೆ. ಮದುವೆಯೂ ಅದನ್ನು ಕೀಳುವುದಿಲ್ಲ.

ಕೂದಲಿಗೆ ತಾಳ್ಮೆ ಬೇಕು. ಗುಳಿಗೆ ಶುರುವಾಗಿ ಆರು ತಿಂಗಳಾದರೂ ಬೇಕು ಫರಕು ಕಾಣಲು. ಅಷ್ಟರಲ್ಲಿ ಥ್ರೆಡಿಂಗ್, ಲೇಸರ್ ಮಾಡಿಸಬಹುದು. ಸಾಲದಿದ್ದರೆ ಗಂಡು ಹಾರ್ಮೋನಿನ ಕೆಲಸ ತಡೆಯುವ ಸ್ಪೈರನೊಲ್ಯಾಕ್ಟೋನ್ ಗುಳಿಗೆ ಕೊಡುತ್ತೇವೆ. ಆದರೆ ಅದು ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಲ್ಲದು. ಅದಕ್ಕೇ ಜೊತೆಗೆ ಗಟ್ಟಿಯಾದ ಗರ್ಭನಿರೋಧಕ ಬೇಕು. ಪಿಸಿಓಎಸ್‌ನಲ್ಲಿ ಮುಟ್ಟು ತಪ್ಪಿದರೂ ನಡುನಡುವೆ ಅಂಡಾಣು ಬಿಡುಗಡೆ ಆಗುತ್ತಿರುತ್ತದೆ. ‘ನನಗೆ ಹೇಗೂ ಗರ್ಭ ನಿಲ್ಲಲ್ಲ’ ಅಂದುಕೊಂಡು ಮೋಸ ಹೋದವರನ್ನು ನೋಡಿದ್ದೇನೆ. ನಾಲ್ಕು ತಿಂಗಳು ಮುಟ್ಟು ನಿಂತಾಗ ನಾವು ಮೊದಲು ಗರ್ಭ ಪರೀಕ್ಷೆ ಮಾಡುವುದೂ ಇದಕ್ಕೇ. ಯಾರೂ ಬೇಸರ ಮಾಡಿಕೊಳ್ಳಬಾರದು.

ತೆಳ್ಳಗಿದ್ದವರಿಗೆ ಸಕ್ಕರೆ ಕಾಯಿಲೆ ಬರಲ್ಲ ಅನ್ನುವುದು ನಮ್ಮ ಮಂದಿಯ ಮಟ್ಟಿಗೆ ಸುಳ್ಳು. ಪಿಸಿಓಎಸ್ ಇರುವ ಎಷ್ಟೋ ತೆಳ್ಳನೆಯವರಲ್ಲೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ, ಅದು ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನ್ ಹೆಚ್ಚಿಸುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಒಂದೇ ನೋಡಿದರೆ ಇದು ತಪ್ಪಿಹೋಗಬಹುದು. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ತಾಸಿನ ಮೇಲೆ ಮತ್ತೆ ರಕ್ತ ಕೊಡಿ. ಆ ಅಂಕಿ 140ರ ಒಳಗಿರಬೇಕು. ಸರಿಯಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಿ. ಬಿ.ಪಿ. ವರ್ಷಕ್ಕೊಮ್ಮೆ. ಸಕ್ಕರೆ ಏರಿದ್ದರೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆ ಉಪಯೋಗಕ್ಕೆ ಬರುತ್ತದೆ. ಅದನ್ನು ಸಣ್ಣ ಡೋಸ್‌ನಿಂದ, ಊಟದ ಜೊತೆಗೆ ಶುರು ಮಾಡಬೇಕು, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಬಹಳ ದಿನ ತಗೊಂಡರೆ ವಿಟಮಿನ್ ಬಿ12 ಇಳಿಯಬಹುದು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಇದನ್ನು ಮರೆಯಬಾರದು.

ಊಟಕ್ಕೆ ನಿಮ್ಮ ಊರನ್ನು ಬಿಟ್ಟು ಎಲ್ಲೂ ಹುಡುಕಬೇಕಿಲ್ಲ. ಎರಡು ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಒಂದು ಚಮಚ ಶೇಂಗಾ ಹಿಂಡಿ, ಗಟ್ಟಿ ಮೊಸರು. ಕಾಳು, ನಾರು, ಒಳ್ಳೆ ಎಣ್ಣೆಯಂಶ ಎಲ್ಲ ಒಂದೇ ತಾಟಿನಲ್ಲಿ ಬಂತು. ನನಗೆ ಚಿಂತೆ ಉಪವಾಸದ ದಿನಗಳದ್ದು. ಶ್ರಾವಣ ಸೋಮವಾರ ದಿನವಿಡೀ ಏನೂ ತಿನ್ನದೆ ಸಂಜೆಗೆ ಒಂದು ತಾಟು ಸಾಬೂದಾಣಿ ಖಿಚಡಿ ತಿಂದರೆ, ಅದು ಹೆಚ್ಚುಕಡಿಮೆ ಬರೀ ಪಿಷ್ಟ. ಸಕ್ಕರೆ ಒಮ್ಮೆಲೇ ಏರುತ್ತದೆ. ಉಪವಾಸ ಬಿಡಲು ಆಗದಿದ್ದರೆ ಮಧ್ಯಾಹ್ನ ಶೇಂಗಾ, ಹಾಲು, ಮೊಸರು, ಹಣ್ಣು ತಿನ್ನಿ. ಕಳೆದ 4 ಕೆ.ಜಿ. ಮರಳಿ ಬರಲಿ.

ವ್ಯಾಯಾಮ ಬೇಕು, ತೂಕ ಇಳಿಸಲು ಮಾತ್ರ ಬೇಡ. ಗೋಳಗುಮ್ಮಟದ ಕಡೆ ಬೆಳಿಗ್ಗೆ ವಾಕಿಂಗ್ ಹೋಗುವವರು ಬಹಳ ಜನ ಇದ್ದಾರೆ, ಒಳ್ಳೆಯದೇ. ನಿಮಗೆ ಅದಕ್ಕಿಂತ ಮುಖ್ಯ ಮಾಂಸಖಂಡ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದು ಬಹುಪಾಲು ಅದೇ. ವಾರಕ್ಕೆ ಎರಡು ಮೂರು ದಿನ ಬೈಠಕ್, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಬಾಟಲಿ ಎತ್ತುವುದು. 20 ನಿಮಿಷ ಸಾಕು. ತಿಂದಾದ ಮೇಲಷ್ಟೇ ಇದು. ತೂಕ ಮರಳುವ ತನಕ ಓಟ ಬೇಡ.

ಇನ್ನೊಂದು ಮಾತು. ಸಿದ್ಧೇಶ್ವರ ಜಾತ್ರೆ ಬಂತೆಂದರೆ ಮುಟ್ಟು ಮುಂದೂಡುವ ಗುಳಿಗೆಯನ್ನು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ಳುವವರು ಬಹಳ. ಯಾವಾಗ ಆಗುತ್ತದೆ ಎಂದೇ ಗೊತ್ತಿಲ್ಲದ ಮುಟ್ಟನ್ನು ಮುಂದೂಡುವುದು ಹೇಗೆ? ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಪ್ರಶ್ನೆ: ಜಮಖಂಡಿಯಿಂದ ಬರೆಯುತ್ತಿದ್ದೇನೆ. ಮಗಳಿಗೆ 15 ವರ್ಷ, ಸಣ್ಣ ಮೈ. ದೊಡ್ಡವಳಾಗಿ ಎರಡು ವರ್ಷವಾಯಿತು. 40 ದಿನಕ್ಕೊಮ್ಮೆ ಮುಟ್ಟಾಗುತ್ತಾಳೆ. ಸ್ಕ್ಯಾನಿಂಗ್‌ನಲ್ಲಿ ಪಿಸಿಓಡಿ (ಪಿಸಿಓಎಸ್‌ಗೇ ಇನ್ನೊಂದು ಹೆಸರು) ಬಂದಿದೆ. ಗುಳಿಗೆ ಶುರು ಮಾಡಬೇಕಾ?

ಉತ್ತರ: ಬೇಡ. ಮೊದಲ ಮುಟ್ಟಾದ ಒಂದು ವರ್ಷದ ನಂತರ ಮೂರನೇ ವರ್ಷದವರೆಗೆ 45 ದಿನದ ಅಂತರ ಸಹಜ. ಮೊದಲ ಮುಟ್ಟಿನಿಂದ ಎಂಟು ವರ್ಷ ಆಗುವವರೆಗೆ ಪಿಸಿಓಎಸ್ ಹುಡುಕಲು ಸ್ಕ್ಯಾನಿಂಗ್ ಮಾಡಿಸಲೇಬಾರದು. ಆ ವಯಸ್ಸಿನ ಎಷ್ಟೋ ಆರೋಗ್ಯವಂತ ಹುಡುಗಿಯರ ಅಂಡಾಶಯ ಹಾಗೇ ಕಾಣುತ್ತದೆ. ಮಗಳ ಮುಂದೆ ಆ ಹೆಸರು ಪದೇ ಪದೇ ಎತ್ತಬೇಡಿ. ತಾರೀಕು ಬರೆದಿಡಲು ಕಲಿಸಿ. 90 ದಿನ ದಾಟಿದರೆ, ಮೊಡವೆ ಅಥವಾ ಮುಖದ ಕೂದಲು ತೀರಾ ಹೆಚ್ಚಾದರೆ ತೋರಿಸಿ.

ಪ್ರಶ್ನೆ: ಬೆಳಗಾವಿ, 37 ವರ್ಷ, 50 ಕೆ.ಜಿ. ಇಬ್ಬರು ಮಕ್ಕಳು, ಆಪರೇಷನ್ ಆಗಿದೆ. ಪಿಸಿಓಎಸ್ ಇದೆ. ಐದು ತಿಂಗಳು ಮುಟ್ಟಿಲ್ಲದೆ ಹೋಗಿ, ಈಗ ಹದಿನೈದು ದಿನದಿಂದ ರಕ್ತ ಹೋಗುತ್ತಿದೆ. ನನಗೆ ಅರೆತಲೆನೋವಿದೆ. ಅದು ಬರುವ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಕಾಣುತ್ತವೆ. ಗರ್ಭನಿರೋಧಕ ಗುಳಿಗೆ ಬರೆದುಕೊಟ್ಟಿದ್ದಾರೆ, ತಗೊಳ್ಳಲಾ?

ಉತ್ತರ: ತಗೊಳ್ಳಬೇಡಿ. ಕಣ್ಣೆದುರು ಮಿಂಚು ಕಂಡು ಬರುವ ಅರೆತಲೆನೋವು ಇದ್ದವರಿಗೆ ಈಸ್ಟ್ರೋಜನ್ ಇರುವ ಗುಳಿಗೆ ಕೊಡುವಂತಿಲ್ಲ. ಪಾರ್ಶ್ವವಾಯು ಆಗುವ ಅಪಾಯ ಏರುತ್ತದೆ. ಬರೆದುಕೊಟ್ಟವರಿಗೆ ಈ ಮಿಂಚಿನ ವಿಷಯ ಗೊತ್ತಿರಲಿಕ್ಕಿಲ್ಲ, ಹೋಗಿ ಹೇಳಿ. ಈ ವಾರವೇ ಗರ್ಭಚೀಲದ ಒಳಪದರ ಎಷ್ಟು ದಪ್ಪ ಇದೆ ಅಂತ ಸ್ಕ್ಯಾನಿಂಗ್‌ನಲ್ಲಿ ನೋಡಿಸಿ. ದಪ್ಪ ಇದ್ದರೆ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತದೆ. ಹಿಮೋಗ್ಲೋಬಿನ್ ಕೂಡ ನೋಡಿಸಿ. ವರದಿ ಚೆನ್ನಾಗಿ ಬಂದರೆ, ಕಾಪರ್-ಟಿ ಹಾಗೇ ಗರ್ಭಚೀಲದಲ್ಲಿ ಕೂಡಿಸುವ ಪ್ರೊಜೆಸ್ಟಿರಾನ್ ಸಾಧನ ನಿಮಗೆ ಚೆನ್ನಾಗಿ ಹೊಂದುತ್ತದೆ. ಅದು ಪದರವನ್ನು ತೆಳ್ಳಗೆ ಇಟ್ಟು ಐದು ವರ್ಷ ಕಾಯುತ್ತದೆ, ಅದರಲ್ಲಿ ಈಸ್ಟ್ರೋಜನ್ ಇಲ್ಲ. ಹಾಕಿಸಿದ ಮೊದಲ ಮೂರ್ನಾಲ್ಕು ತಿಂಗಳು ಆಗಾಗ ಸ್ವಲ್ಪ ಕಲೆ ಕಾಣುತ್ತದೆ. ಅದಕ್ಕೆ ಹೆದರಿ ತೆಗೆಸಬೇಡಿ.